ಸೆನ್ಸರ್ ಇರಲಿ, ಸ್ವಿಚ್ಚೂ ಇರಲಿ

ತಮ್ಮಾ, ಐಟಿಐ ಮುಗಿಸಿ ಬಂದು ಊರಾಗ ವಾಯರಿಂಗ್ ಕೆಲಸ ಹಿಡದಿ ಅಂತ ಕೇಳಿ ಖುಷಿ ಆತು. ಈಗೀಗ ಅಣ್ಣಿಗೇರಿ, ನವಲಗುಂದ, ಕುಂದಗೋಳ ಕಡೆ ಹೊಸಾ ಮನಿ ಕಟ್ಟಸವ್ರೆಲ್ಲಾ "ಹಿತ್ತಲದಾಗ ಸೆನ್ಸರ್ ಲೈಟ್ ಹಾಕ್ರಿ" ಅಂತಾರ. ಹಾಕು, ಬ್ಯಾಡ ಅನ್ನಂಗಿಲ್ಲ. ಸೆನ್ಸರ್ ಹಾಕಿದಲ್ಲೆ ಅದರ ಜೋಡಿ ಕೈಲೆ ಹಾಕೂ ಸಾದಾ ಸ್ವಿಚ್ ಒಂದು ಇರಬೇಕು, ಇಷ್ಟ ನನ್ನ ಮಾತು. ಮನಿಯವ್ರು ಬ್ಯಾಡ ಅಂದ್ರೂ ಹಾಕು. ಒಂದು ಸ್ವಿಚ್ಚು, ನಾಕು ಮಾರು ವಾಯರ್. ಅಷ್ಟು ರೊಕ್ಕ ಉಳಿಸಿ ಯಾರೂ ಸಾವಕಾರ ಆಗಿಲ್ಲ.

ಮೊದಲ ಆ ಡಬ್ಬಿ ಏನು ನೋಡತೈತಿ ಅನ್ನೂದು ತಿಳ್ಕೊ. ಪ್ಯಾಟ್ಯಾಗ ಹೆಚ್ಚಾಗಿ ಸಿಗೂದು ಪಿಐಆರ್ ಸೆನ್ಸರ್. ಅದಕ್ಕ ಮನಷ್ಯಾನ ಮಾರಿ ಕಾಣಂಗಿಲ್ಲ, ಮೈಕಾವು ಕಾಣತೈತಿ. ಮುಂದಿನ ಬಿಳಿ ಪ್ಲಾಸ್ಟಿಕ್ ಗುಮ್ಮಟದ ಮ್ಯಾಲೆ ಸಣ್ಣ ಸಣ್ಣ ಚೌಕ ಅದಾವಲ್ಲ, ಅದು ಫ್ರೆನೆಲ್ ಲೆನ್ಸ್. ಎದರಿಗಿನ ಜಾಗಾನ ಪಟ್ಟಿ ಪಟ್ಟಿ ಮಾಡಿ ಒಳಗಿನ ಚಿಪ್ಪಿಗೆ ತೋರಸತೈತಿ. ಕಾವು ಒಂದು ಪಟ್ಟಿಯಿಂದ ಇನ್ನೊಂದಕ್ಕ ದಾಟಿದಾಗ ಒಳಗ ರಿಲೇ ಟಕ್ ಅಂತೈತಿ, ಲೈಟ್ ಹತ್ತತೈತಿ. ದಾಟಲಿಲ್ಲಂದ್ರ ಇಲ್ಲ. ಅದಕ್ಕ ಸೆನ್ಸರ್ ಕಡೆನ ನೆಟ್ಟಗ ನಡಕೊಂತ ಬಂದ್ರ ತಡಾ ಮಾಡಿ ಹತ್ತತೈತಿ, ಅಡ್ಡ ಹಾದ್ರ ಲಗೂನ ಹತ್ತತೈತಿ. ಹಾದಿ ಅಡ್ಡ ಬರೂವಂಗ, ಬಾಜೂಕಿನ ಗ್ವಾಡಿಗೆ, ಏಳೆಂಟು ಫೂಟಿನ ಮ್ಯಾಲೆ ಕೂಡಸು. ಬಚ್ಚಲ ಹಂಡೆದ ಒಲಿ ಕಡೆ ಅದರ ಮಾರಿ ತಿರುವಬ್ಯಾಡ. ಬೆಳಗಿನ ಜಾವ ಉರಿ ಎದ್ದೆದ್ದು ಬಿದ್ದಂಗೆಲ್ಲಾ ಲೈಟೂ ಹತ್ತಿ ಆರತೈತಿ.

ಈಗ ತೊಡಕಿಗೆ ಬರ್ತೀನಿ. ಸರಿರಾತ್ರ್ಯಾಗ ಆಯಿ ಕೋಲು ಹಿಡಕೊಂಡು ಹಿತ್ತಲ ಪಾಯಖಾನಿಗೆ ಹೊಂಟಾಳ. ಲೈಟ್ ಹತ್ತಿತು. ಒಳಗ ಹೋಗಿ ಕದಾ ಹಾಕ್ಕೊಂಡ್ಲು. ಕದದ ಹಿಂದಿನ ಕಾವು ಸೆನ್ಸರಿಗೆ ಕಾಣಂಗಿಲ್ಲ. ನೀ ಟೈಮ್ ತಿರುಪು ಒಂದು ನಿಮಿಷಕ್ಕ ಇಟ್ಟಿದ್ರ, ಆಕಿ ಏಳೂದರೊಳಗ ಲೈಟ್ ಆರಿರತೈತಿ. ಕದಾ ತಗದು ಹೊರಗ ಕಾಲಿಟ್ಟಾಗ ಮೊದಲಿನ ಎರಡು ಹೆಜ್ಜಿ ಕತ್ತಲದಾಗ. ವಯಸ್ಸಾದವ್ರು ಬೀಳೂದು ಆ ಎರಡು ಹೆಜ್ಜ್ಯಾಗ. ಅಂಥಲ್ಲೆ ಟೈಮ್ ಐದು ನಿಮಿಷದ ಮ್ಯಾಲೆ ಇಡು, ಮತ್ತ ಆಕಿ ಮಲಗೂ ಹಾಸಗಿ ಹತ್ರ ಸ್ವಿಚ್ ಕೊಡು. ಹೋಗೂ ಮುಂದ ಹಾಕತಾಳ, ಬಂದು ಆರಸತಾಳ.

ಇನ್ನ ದನದ ಮನಿ. ಆಕಳ ಈಯೂ ರಾತ್ರಿ ಮನಿಮಂದಿ ಗ್ವಾದ್ಲಿ ಹತ್ರ ಸುಮ್ನ ಕುಂತು ಕಾಯತಾರ. ಸುಮ್ನ ಕುಂತವ್ರು ಸೆನ್ಸರಿನ ಲೆಕ್ಕಕ್ಕ ಇಲ್ಲದವ್ರು. ಕರಾ ಅರ್ಧಾ ಹೊರಗ ಬಂದಾಗ ಲೈಟ್ ಹೋತಂದ್ರ, ಎದ್ದು ಕೈ ಬೀಸೂದೇನು? ಅಲ್ಲಿ ಸ್ವಿಚ್ಚ ಬೇಕು. ಹತ್ತಿ ಗಾಡಿ ಇಳಸೂ ರಾತ್ರಿನೂ ಹಂಗ, ಮದಿವಿ ಹಂದರದ ರಾತ್ರಿನೂ ಹಂಗ.

ಎಲ್ಲಾಕ್ಕಿಂತ ದೊಡ್ಡ ಮಾತು ಹಾವಿಂದು. ಎರಿ ಹೊಲದ ಊರು ನಮ್ಮವು. ಬ್ಯಾಸಗ್ಯಾಗ ನೆಲಾ ಬಿರಿತೈತಿ, ಬಿರುಕಿನಾಗ ಇಲಿ, ಇಲಿ ಹಿಂದ ಹಾವು. ಮಂದಿ ಏನಂತ ತಿಳದಾರಂದ್ರ, ಹಾವು ಬಂದ್ರ ಸೆನ್ಸರ್ ಲೈಟ್ ಹತ್ತತೈತಿ ಅಂತ. ಹತ್ತಂಗಿಲ್ಲ. ಹಾವಿನ ಮೈ ತಂಪು ನೆತ್ತರಿಂದು, ಅದರ ಕಾವು ನೆಲದ ಕಾವಿನಷ್ಟ ಇರತೈತಿ. ಕೊಳಕಮಂಡಲ ಸೆನ್ಸರಿನ ಕೆಳಗ ಹಾದು ಹೋದ್ರೂ ಅದಕ್ಕ ಗೊತ್ತಾಗಂಗಿಲ್ಲ. ಕಟ್ಟುಹಾವು ತಿರಗೂದು ರಾತ್ರ್ಯಾಗ. ಲೈಟ್ ಹತ್ತಿಲ್ಲ, ಅಂದ್ರ ಏನೂ ಇಲ್ಲ ಅಂತ ಬರಿಗಾಲಲೆ ಇಳದವ ಮೋಸ ಹೋಗತಾನ. 2024ರ ಫೆಬ್ರುವರಿಯಾಗ ಕರ್ನಾಟಕ ಸರಕಾರ ಹಾವು ಕಡತಾನ ದವಾಖಾನಿಯವ್ರು ತಪ್ಪದ ವರದಿ ಮಾಡಬೇಕಾದ ಕಾಯಿಲೆ ಅಂತ ಘೋಷಣಾ ಮಾಡೇತಿ, ಸುಮ್ನ ಮಾಡಿಲ್ಲ. ಸೆನ್ಸರ್ ಹಾಕಿಸಿಕೊಂಡ ಮನಿಯವ್ರಿಗೆ ನೀನ ಬಾಯಿಬಿಟ್ಟು ಹೇಳು: ಹೊಸ್ತಿಲಾ ದಾಟೂ ಮೊದಲ ಒಳಗಿನ ಸ್ವಿಚ್ ಹಾಕ್ರಿ, ನೆಲಾ ನೋಡ್ರಿ, ಆಮ್ಯಾಲೆ ಕಾಲಿಡ್ರಿ. ಕರೆಂಟ್ ಹೋದಾಗ ಸೆನ್ಸರೂ ಇಲ್ಲ ಸ್ವಿಚ್ಚೂ ಇಲ್ಲ, ಕದದ ಹಿಂದ ಬ್ಯಾಟರಿ ತೂಗಹಾಕ್ರಿ.

ಜೋಡಸೂದು ಹ್ಯಾಂಗ? ಸೆನ್ಸರಿಗೆ ಮೂರು ವಾಯರ್: ಫೇಸ್, ನ್ಯೂಟ್ರಲ್, ಬಲ್ಬಿಗೆ ಹೋಗೂದು. ಬಣ್ಣಾ ನಂಬಬ್ಯಾಡ, ಡಬ್ಬಿ ಮ್ಯಾಲಿನ ಚಿತ್ರ ನೋಡು. ಸ್ವಿಚ್ಚಿನ ಒಂದು ಕಡೆ ಫೇಸಿಗೆ, ಇನ್ನೊಂದು ಕಡೆ ಬಲ್ಬಿಗೆ ಹೋಗೂ ವಾಯರಿಗೆ ಕೊಟ್ಟಿ ಅಂದ್ರ ಪ್ಯಾರಲಲ್ ಆತು. ಸ್ವಿಚ್ ಹಾಕಿದ್ರ ಲೈಟ್ ನಿಂತ ಉರಿತೈತಿ, ಆರಿಸಿದ್ರ ಸೆನ್ಸರ್ ತನ್ನ ಕೆಲಸಾ ತಾ ನೋಡಕೋತೈತಿ. ಕೆಲವು ಸೆನ್ಸರಿಗೆ ಹೊರಗಿಂದ ಹಿಂಗ ಕರೆಂಟ್ ಬರೂದು ಒಗ್ಗಂಗಿಲ್ಲ. ಒಳಗಿನ ಚೀಟಿ ಓದು, ಹಂಗಿದ್ರ ಟೂ ವೇ ಸ್ವಿಚ್ ಹಾಕಿ ಒಂದು ಕಡೆ ಸೆನ್ಸರ್, ಒಂದು ಕಡೆ ನೇರ ಅಂತ ಬ್ಯಾರೆ ಮಾಡು.

ಮನಿಗೆ ಥ್ರೀ ಫೇಸ್ ಬಂದಿದ್ರ ಹುಷಾರ್. ಸೆನ್ಸರ್ ಒಂದು ಫೇಸಿನ್ಯಾಗ, ನಿನ್ನ ಸ್ವಿಚ್ ಇನ್ನೊಂದರಾಗ ಇದ್ರ, ಸೆನ್ಸರ್ ಲೈಟ್ ಹತ್ತಿದ್ದಾಗ ಸ್ವಿಚ್ ಒತ್ತಿದ ಗಳಿಗ್ಯಾಗ ಎರಡೂ ಫೇಸ್ ಕೂಡತಾವ, 415 ವೋಲ್ಟ್. ಮೊದಲ ಟೆಸ್ಟ್ ಲ್ಯಾಂಪ್ ಹಿಡದು ನೋಡು. ಟೆಸ್ಟರಿನ ಕೆಂಪು ದೀಪಾ ಎರಡೂ ಕಡೆ ಹತ್ತತೈತಿ, ಒಂದ ಫೇಸೋ ಬ್ಯಾರೆನೋ ಅನ್ನೂದು ಅದು ಹೇಳಂಗಿಲ್ಲ.

ಸೆನ್ಸರಿಗೆ ಹೋಗೂ ಫೇಸಿಗೆ ಮಂದಿ ಕೈಗೆ ಸಿಗೂ ಸ್ವಿಚ್ ಹಾಕೂ ಹುಡುಗರದಾರ, ಅದು ಬ್ಯಾಡ. ಮಲಗೂ ಮುಂದ ಬೋರ್ಡಿನ ಸ್ವಿಚ್ಚೆಲ್ಲಾ ಆರಿಸಿ ಮಲಗೂದು ನಮ್ಮ ಮಂದಿ ರೂಢಿ. ಭಾಗ್ಯಜ್ಯೋತಿಯ ಒಂದೇ ಬಲ್ಬಿನ ಕಾಲದಿಂದ ಬಂದ ರೂಢಿ ಅದು, ನೀ ಬಿಡಸಲಾಕ ಆಗಂಗಿಲ್ಲ, ಬಿಡಸೂದೂ ಬ್ಯಾಡ. ಆರಿಸಿ ಮಲಗಿದ್ರು ಅಂದ್ರ ರಾತ್ರಿಯೆಲ್ಲಾ ಸೆನ್ಸರ್ ಸತ್ತಂಗ. ಪ್ಯಾರಲಲ್ ಸ್ವಿಚ್ ಇದ್ರ ಅವ್ರು ಆರಿಸಿದಷ್ಟೂ ಚಲೋ. ರಿಪೇರಿಗೆ ಅಂತ ಸೆನ್ಸರ್ ಲೈನಿಗೆ ಒಂದು ಎಂಸಿಬಿ ಮೀಟರ್ ಬೋರ್ಡಿನ್ಯಾಗ ಇರಲಿ. ಸ್ವಿಚ್ ಆರಿಸಿದ್ರ ಸಾಯೂ ತೊಂದ್ರಿ ಹೋಲ್ಡರಿಗೆ ತಿರುವೂ ಸೆನ್ಸರ್ ಬಲ್ಬಿಗೂ ಐತಿ. ಬಾಡಿಗಿ ಮನಿಗೆ ನಡಿತೈತಿ, ಸ್ವಂತ ಮನಿಗೆ ನಾ ಹೇಳಂಗಿಲ್ಲ.

ಏಪ್ರಿಲ್, ಮೇದಾಗ "ಸೆನ್ಸರ್ ಕೆಟ್ಟೈತಿ" ಅಂತ ನವಲಗುಂದ ಕಡಿಂದ ಫೋನ್ ಬರತಾವ, ತಯಾರಿರು. ಕೆಟ್ಟಿರಂಗಿಲ್ಲ. ಹೊತ್ತು ಮುಳಗಿದ್ರೂ ಗ್ವಾಡಿ, ನೆಲಾ ಕಾದಿರತಾವ. ಗಾಳಿ ಕಾವೂ ಮೈಕಾವೂ ಹತ್ತಿರ ಬಂದಾಗ ಫರಕ್ ಕಾಣದ ಅದರ ನಜರು ಗಿಡ್ಡ ಆಗತೈತಿ. ತಂಪು ದಿನದಾಗ ಎಂಟು ಮೀಟರ್ ನೋಡೂದು ಆಗ ಅಷ್ಟು ನೋಡಂಗಿಲ್ಲ. ಅವಾಗಿನ ಮಟ್ಟಿಗೆ ಸ್ವಿಚ್ ಹಾಕ್ರಿ ಅನ್ನು. ಬ್ಯಾಸಗ್ಯಾಗ ಮಂದಿ ಮಾಳಿಗಿ ಮ್ಯಾಲೆ ಮಲಗತಾರ, ಫೋಕಸ್ ಲೈಟಿನ ಮಾರಿ ಬಾಜೂ ಮನಿ ಮಾಳಿಗಿ ಕಡೆ ಇರಬಾರದು. ನಾಯಿ ಹಾದಾಗೆಲ್ಲಾ ಕಣ್ಣಿಗೆ ಹೊಡದ್ರ ನಿದ್ದಿ ಹೋಗತೈತಿ, ನಿದ್ದಿ ಹಿಂದ ಓಣ್ಯಾಗಿನ ಪ್ರೀತಿನೂ ಹೋಗತೈತಿ.

ಕಲಘಟಗಿ ಕಡೆ ಕೆಲಸ ಸಿಕ್ರ ಲೆಕ್ಕಾ ಬ್ಯಾರೆ. ಅಲ್ಲಿ ಮಳಿ ಜಾಸ್ತಿ, ಗಿಡಾ ಜಾಸ್ತಿ. ರಡಾರ್ ಸೆನ್ಸರ್ ಅಂತ ಒಂದು ಜಾತಿ ಐತಿ, ಕಾವು ನೋಡಂಗಿಲ್ಲ, ಅಲುಗಾಟ ನೋಡತೈತಿ. ತೆಳು ಗ್ವಾಡಿ, ಕಾಜು ದಾಟಿನೂ ನೋಡತೈತಿ. ಟೊಂಗಿ ಅಲುಗಿದ್ರೂ ಜಡಿಮಳಿಗೂ ಹತ್ತತೈತಿ. ಹೊರಗ ಅದು ಬ್ಯಾಡ, ಪಿಐಆರ್ ಹಾಕು. ಐಪಿ 65 ಅಂತ ಬರದದ್ದು ತಗೊ, ವಾಯರ್ ಕೆಳಗಿಂದ ಒಳಗ ಹೋಗಲಿ. ಲೆನ್ಸಿನ ಮ್ಯಾಲೆ ಹಲ್ಲಿ ಕುಂತ್ರ, ಜ್ಯಾಡ ಬಲಿ ಕಟ್ಟಿದ್ರ ಸುಳ್ಳಸುಳ್ಳ ಹತ್ತತೈತಿ. ತಿಂಗಳಿಗೊಮ್ಮೆ ಒಣ ಅರಬೀಲೆ ಒರಸ್ರಿ ಅಂತ ಹೇಳು. ಬಿಳಿ ಬಲ್ಬಿಗಿಂತ ಹಳದಿ ಬೆಳಕಿಗೆ ಹುಳಾ ಕಡಿಮಿ ಬರತಾವ. ಹುಳಕ್ಕ ಕಪ್ಪಿ, ಕಪ್ಪಿಗೆ ಹಾವು ಬರೂದು ನಿನಗ ಹೇಳಬೇಕಾಗಿಲ್ಲ.

ಹೊಲದ ಮನಿಯವ್ರು ಕೇಳಿದ್ರ ಮೊದಲ ಅವ್ರ ಲೈನ್ ಯಾವುದು ಕೇಳು. ಊರಿಗೆ ನಿರಂತರ ಜ್ಯೋತಿ ಫೀಡರ್ ಬ್ಯಾರೆ, ಪಂಪ್‌ಸೆಟ್ಟಿಂದು ಬ್ಯಾರೆ. ಪಂಪ್‌ಸೆಟ್ ಲೈನಿಗೆ ದಿನಪೂರ್ತಿ ಕರೆಂಟ್ ಇರಂಗಿಲ್ಲ, ಅದರಾಗಿದ್ರ ಸೋಲಾರ್ ಸೆನ್ಸರ್ ಲೈಟ ಸರಿ, ಬಟನ್ ಇದ್ದದ್ದು ನೋಡಿ ಕೊಡಸು.

ಬಿಲ್ ಉಳಿತೈತಿ ಅಂತ ಹೇಳಿ ಮಾರಬ್ಯಾಡ, ಲೆಕ್ಕಾ ಹೇಳಿ ಮಾರು. 9 ವ್ಯಾಟಿನ ಎಲ್‌ಇಡಿ ದಿನಾ 12 ತಾಸು ಉರಿದ್ರೂ ತಿಂಗಳಿಗೆ ಮೂರು ಯೂನಿಟ್ ಚಿಲ್ಲರೆ. ಅಲ್ಲಿ ಸೆನ್ಸರ್ ಉಳಸೂದು ಚಾ ರೊಕ್ಕ. 50 ವ್ಯಾಟಿನ ಫೋಕಸ್ ಆದ್ರ 18 ಯೂನಿಟ್, ಅದು ಕಾಣತೈತಿ. ಸರಕಾರದ ಗೃಹಜ್ಯೋತಿ ಯೋಜನ್ಯಾಗ 200 ಯೂನಿಟ್ ತನಕ ಪುಕ್ಕಟೆ ಅಂತ ಮಂದಿ ಅಂತಾರ, ಆದ್ರ ಹಳೇ ಮನಿಗೆ ಪುಕ್ಕಟೆ ಸಿಗೂದು 2022-23ರ ಅವ್ರ ತಿಂಗಳ ಸರಾಸರಿ, ಬಹಳ ಕಡಿಮಿ ಸುಡವ್ರನ್ನ ಬಿಟ್ರ ಅದರ ಮ್ಯಾಲೆ ನೂರಕ್ಕ ಹತ್ತು. 60 ಸುಡೂ ಮನಿಗೆ 66. ರಾತ್ರಿಯೆಲ್ಲಾ ಫೋಕಸ್ ಉರಿಸಿದ್ರ ಮ್ಯಾಲಿಂದಕ್ಕ ರೊಕ್ಕಾ ಕಟ್ಟಬೇಕು.

ಎರಿ ಮಣ್ಣಿನ ಮಾತು ಮರಿಬ್ಯಾಡ. ಮಳ್ಯಾಗ ಉಬ್ಬತೈತಿ, ಬ್ಯಾಸಗ್ಯಾಗ ಬಿರಿತೈತಿ. ನೆಲದಾಗ ಹೂತ ವಾಯರ್ ಜಗ್ಗಿ ಜಾಯಿಂಟ್ ಬಿಡತೈತಿ. ಪೈಪಿನ್ಯಾಗ ಹಾಕು, ಸಡ್ಲ ಬಿಡು, ನೆಲದೊಳಗ ಜಾಯಿಂಟ್ ಬ್ಯಾಡ. ಅರ್ಥಿಂಗ್ ಗುಂಡಿಗೆ ಬ್ಯಾಸಗ್ಯಾಗ ನೀರು ಹಾಕಸು. 30 ಮಿಲಿಆಂಪಿನ ಆರ್‌ಸಿಸಿಬಿ ಇಲ್ಲದ ದನದ ಮನಿಗೆ ಲೈನ್ ಎಳಿಬ್ಯಾಡ. ನಮಗ ಜುಮ್ ಅನ್ನೂವಷ್ಟರಾಗ ದನಾ ಸಾಯತಾವ. ಅರಬಿ ಒಣಹಾಕೂ ತಂತಿ ಹತ್ರ, ತಗಡಿನ ಕಂಬಕ್ಕ, ವಾಯರ್ ಸುತ್ತಬ್ಯಾಡ.

ಕೆಲಸ ಮುಗದ ಮ್ಯಾಲೆ ಹಗಲಾಗ ನೋಡೂ ಮುಂದ ಲಕ್ಸ್ ತಿರುಪು ಸೂರ್ಯಾನ ಚಿತ್ರದ ಕಡೆ ಇಟ್ಟು ನೋಡು, ಹೋಗೂ ಮುಂದ ಚಂದ್ರಾನ ಚಿತ್ರದ ಕಡೆ ತಿರುವು. ಕರೆಂಟ್ ಕೊಟ್ಟ ಮ್ಯಾಲೆ ಅರ್ಧಾ, ಒಂದು ನಿಮಿಷ ಅದು ತನ್ನಷ್ಟಕ್ಕ ಉರಿತೈತಿ, ಗಾಬರಿ ಆಗಬ್ಯಾಡ. ಆಮ್ಯಾಲೆ ಮನ್ಯಾಗಿನ ಹಿರೇ ಜೀವಾನ ಕರದು ಹಾಸಗಿ ಮ್ಯಾಲೆ ಕುಂದ್ರಸಿ, ದೀಪಾ ಆರಿಸಿ, ಕತ್ತಲದಾಗ ಸ್ವಿಚ್ ಹುಡುಕು ಅನ್ನು. ಕೈ ಹೋದಲ್ಲೆ ಸ್ವಿಚ್ ಇರಬೇಕು. ಎತ್ತರ ಆತು ಅಂದ್ರ, ಗಿಲಾವು ಹಸಿ ಇದ್ದಾಗ ಬೋರ್ಡ್ ಕೆಳಗ ಇಳಸು.