ಕರಿಯ ಲೋಹದ ಮೇಲೆ ಬೆಳ್ಳಿಯ ಗೆರೆ

ಕರ್ನಾಟಕದ ಒಂದೊಂದು ಸೀಮೆಯೂ ಒಂದೊಂದು ಕೈಕಸುಬಿಗೆ ಹೆಸರಾಗಿದೆ. ಕೊಡಗಿನ ಗಂಡಸರು ಕಪ್ಪು ಕುಪ್ಯವನ್ನು ತೊಟ್ಟು, ಕೆಂಪು ರೇಷ್ಮೆಯ ಚೇಲೆಯನ್ನು ಸೊಂಟಕ್ಕೆ ಬಿಗಿದು, ಅದರಲ್ಲಿ ಪೀಚೆಕತ್ತಿಯನ್ನು ಸಿಕ್ಕಿಸಿಕೊಳ್ಳುತ್ತಾರೆ. ಆ ಪುಟ್ಟ ಕತ್ತಿಯ ಹಿಡಿ ಮತ್ತು ಒರೆಗಳ ಮೇಲಿನ ಬೆಳ್ಳಿಯ ಕುಸುರಿಯನ್ನು ಕಂಡವರು ಮೆಚ್ಚದಿರಲಾರರು. ಮದುವೆಯ ಚಪ್ಪರದಲ್ಲಿ ವರನಿಗೆ ಆ ಕತ್ತಿ ಇರಲೇಬೇಕು. ಹೀಗೆ ಜನರ ಆಚಾರವೇ ಅದನ್ನು ಮಾಡುವ ಕಸುಬಿಗೆ ಆಸರೆಯಾಗಿ ನಿಂತಿದೆ. ಆದರೆ ಅಂತಹ ಆಸರೆಯಿಲ್ಲದ ಕಲೆಯ ಗತಿ ಏನು? ಅದನ್ನು ಪೋಷಿಸಿದ ಅರಸರೂ ಶ್ರೀಮಂತರೂ ಮರೆಯಾದ ಮೇಲೆ ಅದು ಹೇಗೆ ಉಳಿಯಬೇಕು? ರಾಜ್ಯದ ಇನ್ನೊಂದು ತುದಿಯಲ್ಲಿರುವ ಬೀದರಿನ ಕುಶಲಕರ್ಮಿ ಶಾ ರಶೀದ್ ಅಹ್ಮದ್ ಖಾದ್ರಿಯವರ ಬಾಳು ಈ ಪ್ರಶ್ನೆಗೆ ಉತ್ತರ ಹೇಳುತ್ತದೆ.

ಹದಿನೈದನೆಯ ಶತಮಾನದಲ್ಲಿ ಬೀದರ್ ಬಹಮನಿ ಸುಲ್ತಾನರ ರಾಜಧಾನಿಯಾಯಿತು. ಪರ್ಷಿಯಾ ದೇಶದ ವಿದ್ವಾಂಸರೂ ಶಿಲ್ಪಿಗಳೂ ಅಲ್ಲಿಗೆ ಬಂದು ನೆಲೆಸಿದರು. ಅವರ ಕಲೆಯೂ ಈ ನೆಲದ ಕಮ್ಮಾರಿಕೆಯೂ ಕೂಡಿ ಬಿದರಿ ಕಲೆ ಬೆಳೆಯಿತೆಂದು ಹೇಳುತ್ತಾರೆ. ಊರಿನ ಹೆಸರೇ ಕಲೆಯ ಹೆಸರಾಯಿತು. ಹುಕ್ಕಾದ ಬುಡ, ಹೂಜಿ, ಎಲೆಯಡಿಕೆಯ ಪೆಟ್ಟಿಗೆ, ಹೂದಾನಿ ಮೊದಲಾದ ವಸ್ತುಗಳು ಅರಮನೆಗಳನ್ನೂ ನವಾಬರ ಮನೆಗಳನ್ನೂ ಅಲಂಕರಿಸಿದವು. ಕಾಲ ಬದಲಾಯಿತು. ಹುಕ್ಕಾ ಸೇದುವವರಿಲ್ಲವಾದರು; ಆಸ್ಥಾನಗಳು ಅಳಿದವು. ಕೊಳ್ಳುವವರು ಕಡಮೆಯಾದಂತೆ ಅನೇಕರು ಉಳಿಯನ್ನು ಕೆಳಗಿಟ್ಟು ಬೇರೆ ದಾರಿ ಹಿಡಿದರು.

ಇಂತಹ ಕಾಲದಲ್ಲಿ, 1955ರಲ್ಲಿ, ಖಾದ್ರಿಯವರು ಬೀದರಿನಲ್ಲಿ ಜನಿಸಿದರು. ಅವರ ತಂದೆ ಶಾ ಮುಸ್ತಫಾ ಖಾದ್ರಿಯವರೂ ಬಿದರಿ ಕುಶಲಕರ್ಮಿಗಳೇ. ಮನೆಯೇ ಅವರಿಗೆ ಪಾಠಶಾಲೆ, ತಂದೆಯೇ ಗುರು. ಈ ವಿದ್ಯೆ ಗ್ರಂಥವನ್ನು ಓದಿ ಬರುವುದಲ್ಲ. ಬಲ್ಲವರ ಬಳಿ ಕುಳಿತು, ಅವರ ಕೈಯನ್ನು ನೋಡಿ, ತನ್ನ ಕೈಯನ್ನು ಪಳಗಿಸಿಕೊಳ್ಳಬೇಕು.

ಕೆಲಸದ ಕ್ರಮವನ್ನು ತಿಳಿದರೆ ಈ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ಮೊದಲು ಸತುವಿಗೆ ಸ್ವಲ್ಪ ತಾಮ್ರವನ್ನು ಬೆರೆಸಿ ಕರಗಿಸುತ್ತಾರೆ. ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ದು, ತಣಿದ ಮೇಲೆ ಅರದಿಂದ ಉಜ್ಜಿ ನಯಗೊಳಿಸುತ್ತಾರೆ. ಬಳಿಕ ಮೈಲುತುತ್ತದ ನೀರನ್ನು ಬಳಿದರೆ ಲೋಹ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಆ ಕಪ್ಪಿನ ಮೇಲೆ ಚೂಪಾದ ಮೊನೆಯಿಂದ ಬಳ್ಳಿ, ಹೂವು, ಎಲೆಗಳನ್ನು ಬರೆಯುತ್ತಾರೆ. ಗೆರೆಯ ಜಾಡಿನಲ್ಲಿ ಪುಟ್ಟ ಉಳಿಗಳು ನಡೆಯುತ್ತವೆ. ಕೊರೆದ ಕಾಲುವೆಯಲ್ಲಿ ಬೆಳ್ಳಿಯ ತಂತಿಯನ್ನೋ ತೆಳುವಾದ ತಗಡನ್ನೋ ಇಟ್ಟು ಮೆಲ್ಲನೆ ಬಡಿದು ಕೂರಿಸುತ್ತಾರೆ. ಕೊರೆತ ಆಳ ತಪ್ಪಿದರೆ ಬೆಳ್ಳಿ ಹಿಡಿಯದು. ಕೈ ಅಲುಗಿದರೆ ಹೂವಿನ ಅಂದ ಕೆಡುತ್ತದೆ.

ಇಷ್ಟಾದರೂ ಬಿದರಿಯ ಚೆಲುವು ಇನ್ನೂ ಅಡಗಿಯೇ ಇರುತ್ತದೆ. ನಯಗೊಳಿಸಿದಾಗ ಬೆಳ್ಳಿಯ ಹೊಳಪೂ ಸತುವಿನ ಹೊಳಪೂ ಬೆರೆತು, ಚಿತ್ತಾರ ಕಣ್ಣಿಗೆ ಚೆನ್ನಾಗಿ ಕಾಣದು. ಆಗ ಬೇಕಾಗುವುದು ಬೀದರಿನ ಕೋಟೆಯ ಮಣ್ಣು. ಬಹುಕಾಲ ಬಿಸಿಲು ಮಳೆಗಳು ತಾಗದ ಎಡೆಯಿಂದ ತಂದ ಆ ಮಣ್ಣನ್ನು ನಾಲಗೆಯ ತುದಿಗೆ ತಾಗಿಸಿ, ರುಚಿಯಿಂದಲೇ ಅದರ ಗುಣವನ್ನು ತಿಳಿಯುವ ವಾಡಿಕೆಯಿದೆ. ಆ ಮಣ್ಣನ್ನೂ ನವಸಾಗರವನ್ನೂ ಕುದಿಯುವ ನೀರಿನಲ್ಲಿ ಕಲಸಿ ಬಿಸಿಮಾಡಿದ ಪಾತ್ರೆಗೆ ಬಳಿದಾಗ ಸತುವಿನ ಮೈ ಗಾಢ ಕಪ್ಪಾಗುತ್ತದೆ. ಬೆಳ್ಳಿಗೆ ಮಾತ್ರ ಏನೂ ಆಗದು. ಅಮಾವಾಸ್ಯೆಯ ಬಾನಿನಲ್ಲಿ ತಾರೆಗಳು ಮೂಡಿದಂತೆ ಚಿತ್ತಾರ ಎದ್ದು ಬರುತ್ತದೆ. ಕೊನೆಗೆ ಎಣ್ಣೆ ಸವರಿ ಒರಸಿದರೆ ಕೆಲಸ ಮುಗಿಯಿತು.

ಇಂತಹ ಕೆಲಸಕ್ಕೆ ದುಡಿಮೆ ಬಹಳ; ಆದಾಯ ಅನಿಶ್ಚಿತ. ಬೆಳ್ಳಿಯ ಬೆಲೆ ಏರಿದಾಗಲೆಲ್ಲ ಬಂಡವಾಳದ ಚಿಂತೆ. ಖಾದ್ರಿಯವರು ಇವೆಲ್ಲವನ್ನೂ ಬಲ್ಲವರಾಗಿದ್ದರೂ ಕಸುಬನ್ನು ಬಿಡಲಿಲ್ಲ. ಹಳೆಯ ಚಿತ್ತಾರಗಳನ್ನು ಕೈಬಿಡದೆ ಹೊಸ ವಿನ್ಯಾಸಗಳನ್ನು ರೂಪಿಸಿದರು. ತಾವು ಕಲಿತುದನ್ನು ಮುಚ್ಚಿಡದೆ ಇತರರಿಗೂ ಕಲಿಸಿದರು. ಇದೇ ಅವರ ಬಾಳಿನ ದೊಡ್ಡ ಕೆಲಸವೆನ್ನಬೇಕು. ಪಾತ್ರೆಯನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯಲ್ಲಿ ಕಾಪಾಡಬಹುದು. ಅದನ್ನು ಮಾಡಿದ ಕೈಯ ಹದವನ್ನು ಕಾಪಾಡಲು ಇನ್ನೊಂದು ಕೈಯೇ ಬೇಕು.

ಬಿದರಿ ಕಲೆಗೆ 2006ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2011ರ ಗಣರಾಜ್ಯೋತ್ಸವದಂದು ದೆಹಲಿಯಲ್ಲಿ ಕರ್ನಾಟಕದ ಸ್ತಬ್ಧಚಿತ್ರ ಇದೇ ಕಲೆಯನ್ನು ದೇಶಕ್ಕೆ ತೋರಿಸಿತು. ಖಾದ್ರಿಯವರಿಗೆ ರಾಜ್ಯ ಹಾಗೂ ರಾಷ್ಟ್ರ ಮಟ್ಟದ ಪ್ರಶಸ್ತಿಗಳು ಬಂದವು. 2023ರಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅವರು ರಾಷ್ಟ್ರಪತಿ ಭವನದಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ಪ್ರದಾನ ಮಾಡಿದರು. ತಂದೆಯ ಬಳಿ ಕುಳಿತು ಉಳಿ ಹಿಡಿದವರಿಗೆ ನಾಡಿನ ಹಿರಿಯ ಗೌರವ ಸಂದಿತು.

ಪ್ರಶಸ್ತಿ ಬಂದುದರಿಂದ ಅವರ ಕೆಲಸ ದೊಡ್ಡದಾಯಿತೆಂದು ಭಾವಿಸಬಾರದು. ಯಾರೂ ಗಮನಿಸದಿದ್ದ ದಿನಗಳಲ್ಲಿಯೂ ಅವರು ಅದೇ ನಿಷ್ಠೆಯಿಂದ ಗೆರೆ ಕೊರೆದರು. ಪೀಚೆಕತ್ತಿಗೆ ಕೊಡಗಿನ ಆಚಾರ ಆಸರೆಯಾದಂತೆ, ಬಿದರಿಗೆ ಖಾದ್ರಿಯವರಂತಹ ದುಡಿಮೆಗಾರರ ಶ್ರದ್ಧೆಯೇ ಆಸರೆಯಾಯಿತು. ನಮ್ಮ ನಮ್ಮ ಊರುಗಳಲ್ಲಿಯೂ ಇಂತಹ ಕೈಗಳು ಸದ್ದಿಲ್ಲದೆ ದುಡಿಯುತ್ತಿರುತ್ತವೆ. ಅವುಗಳನ್ನು ಗುರುತಿಸುವುದೂ ಗೌರವಿಸುವುದೂ ಅವುಗಳಿಂದ ಕಲಿಯುವುದೂ ನಮ್ಮ ಕರ್ತವ್ಯ.

ಅಭ್ಯಾಸ

1. ಪೀಚೆಕತ್ತಿಯ ಕಸುಬಿಗೂ ಬಿದರಿ ಕಲೆಗೂ ಇರುವ ಆಸರೆಯಲ್ಲಿ ವ್ಯತ್ಯಾಸವೇನು?
2. ಬಿದರಿ ಪಾತ್ರೆಯ ತಯಾರಿಕೆಯಲ್ಲಿ ಕೋಟೆಯ ಮಣ್ಣಿನ ಪಾತ್ರವನ್ನು ವಿವರಿಸಿರಿ.
3. “ಕೈಯ ಹದವನ್ನು ಕಾಪಾಡಲು ಇನ್ನೊಂದು ಕೈಯೇ ಬೇಕು” ಎಂಬ ಮಾತಿನ ಅರ್ಥವೇನು?
4. ನಿಮ್ಮ ಊರಿನ ಒಬ್ಬ ಕುಶಲಕರ್ಮಿಯನ್ನು ಕಂಡು, ಅವರ ಕೆಲಸದ ಕ್ರಮವನ್ನು ಕುರಿತು ಹತ್ತು ವಾಕ್ಯಗಳಲ್ಲಿ ಬರೆಯಿರಿ.