ಸಿಕಲ್ ಸೆಲ್ ಇದ್ದವರು ಸೊಂಟದ ಕೀಲು ಬದಲಾಯಿಸಿಕೊಳ್ಳುವಾಗ

ಶುಂಠಿ ಹೊಲದಲ್ಲಿ ಕಳೆ ತೆಗೆಯಲು ಬಂದ ಮೂವತ್ತು ವರ್ಷದ ಆಳು ಅರ್ಧ ದಿನಕ್ಕೇ ಕುಂಟುತ್ತಾ ಬಂದು ಬದುವಿನ ಮೇಲೆ ಕುಳಿತರೆ ನಾವು ಏನೆನ್ನುತ್ತೇವೆ? ಮೈಗಳ್ಳ ಎನ್ನುತ್ತೇವೆ. ನಮ್ಮ ಬಾಯಿಂದಲೂ ಈ ಮಾತು ಬಂದದ್ದುಂಟು. ಅವನ ತೊಡೆ ಮೂಳೆಯ ತಲೆ ಒಳಗೊಳಗೇ ಸಾಯುತ್ತಿರಬಹುದು ಎಂದು ಆಗ ನಮಗೆ ತಿಳಿದಿರಲಿಲ್ಲ.

ಈ ನೋವಿನ ಮೂಲ ರಕ್ತದಲ್ಲಿದೆ. ಆರೋಗ್ಯವಂತರ ಕೆಂಪು ರಕ್ತಕಣ ದುಂಡಗೆ, ಮೆತ್ತಗೆ ಇದ್ದು ಸುಮಾರು 120 ದಿನ ಬಾಳುತ್ತದೆ. ಕುಡುಗೋಲು ಕಣ ರೋಗ, ಅಂದರೆ ಆಸ್ಪತ್ರೆಯ ಚೀಟಿಯಲ್ಲಿ ಸಿಕಲ್ ಸೆಲ್ ಎಂದು ಬರೆಯುವ ಕಾಯಿಲೆ ಇದ್ದವರಲ್ಲಿ ಈ ಕಣ ಕುಡುಗೋಲಿನಂತೆ ಬಾಗಿ ಗಡುಸಾಗುತ್ತದೆ, 10-20 ದಿನಗಳಲ್ಲೇ ಒಡೆದುಹೋಗುತ್ತದೆ. ಗದ್ದೆಯ ಸಣ್ಣ ಕಾಲುವೆಯಲ್ಲಿ ಕಸ ಸಿಕ್ಕಿಕೊಂಡರೆ ಮುಂದಿನ ಮಡಿಗೆ ನೀರು ಹೋಗುವುದಿಲ್ಲವಷ್ಟೆ. ಹಾಗೆಯೇ ಈ ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತವೆ. ತೊಡೆ ಮೂಳೆಯ ತಲೆಗೆ ರಕ್ತ ತರುವ ನಾಳಗಳು ಬಹಳ ಕಿರಿದು. ಅವು ಕಟ್ಟಿಕೊಂಡರೆ ಆ ಭಾಗ ಸತ್ತು ಕುಸಿಯುತ್ತದೆ.

ಭಾರತದಲ್ಲಿ ಈ ರೋಗ ಮೊದಲು ಕಂಡುಬಂದದ್ದು 1952ರಲ್ಲಿ, ನಮ್ಮ ನೆರೆಯ ನೀಲಗಿರಿಯ ಬುಡಕಟ್ಟು ಜನರಲ್ಲಿ. ವಯನಾಡಿನಲ್ಲಿ ಪಣಿಯ, ಕುರುಮ, ವಯನಾಡನ್ ಚೆಟ್ಟಿ ಮುಂತಾದ ಸಮುದಾಯಗಳಲ್ಲಿ ಇದೆ. ಇದು ಯಾರ ತಪ್ಪೂ ಅಲ್ಲ, ಅಂಟುವುದೂ ಇಲ್ಲ, ತಂದೆತಾಯಿಗಳಿಂದ ಬರುವಂಥದು. ಕೊಳವಳ್ಳಿಯ ನಮ್ಮ ತೋಟಗಳಲ್ಲಿ ದುಡಿಯುವ ಕೈಗಳಲ್ಲಿ ಈ ಕಾಯಿಲೆಯವರೂ ಇರುವುದರಿಂದ "ಇದು ನಮ್ಮ ಮನೆಯ ವಿಷಯವಲ್ಲ" ಎನ್ನುವಂತಿಲ್ಲ.

ತೊಡೆಸಂದಿನಲ್ಲಿ ನೋವು, ಕುಕ್ಕರಗಾಲಿನಲ್ಲಿ ಕೂರಲು ಕಷ್ಟ, ನಡೆಯುವಾಗ ಕುಂಟು: ಇವನ್ನು ವಾತ ಎಂದು ಎಣ್ಣೆ ತಿಕ್ಕಿ ವರ್ಷ ಕಳೆಯಬಾರದು. ಮೊದಮೊದಲು ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು, ಎಂ.ಆರ್.ಐ. ಪರೀಕ್ಷೆಯಲ್ಲಿ ಕಾಣುತ್ತದೆ. ಬೇಗ ತಿಳಿದರೆ ಭಾರ ಹೊರುವುದನ್ನು ಬಿಟ್ಟು, ಮೂಳೆಗೆ ರಂಧ್ರ ಕೊರೆದು ಒತ್ತಡ ಇಳಿಸುವ ಚಿಕಿತ್ಸೆ ಮಾಡಿಸಬಹುದು. ತಲೆ ಕುಸಿದ ಮೇಲೆ ಉಳಿಯುವ ದಾರಿ ಕೀಲು ಬದಲಾವಣೆಯೇ. ಅಂಗಡಿಯಿಂದ ತಂದ ನೋವಿನ ಮಾತ್ರೆಯನ್ನು ದಿನವೂ ನುಂಗಿದರೆ ಮೂತ್ರಪಿಂಡ ಕೆಡುತ್ತದೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಇದ್ದರೆ ಅದೇ ಮೂಳೆಯನ್ನು ಇನ್ನಷ್ಟು ಕೆಡಿಸೀತು. ರಕ್ತ ಕಡಿಮೆ ಎಂದು ಪರೀಕ್ಷೆಯಿಲ್ಲದೆ ಕಬ್ಬಿಣದ ಮಾತ್ರೆಯನ್ನೂ ಕೊಡಬಾರದು. ಇಲ್ಲಿ ರಕ್ತ ಕಡಿಮೆಯಾಗಿರುವುದು ಕಣಗಳು ಒಡೆಯುವುದರಿಂದ. ಪದೇ ಪದೇ ರಕ್ತ ಪಡೆದವರ ಮೈಯಲ್ಲಿ ಕಬ್ಬಿಣ ಮೊದಲೇ ಹೆಚ್ಚಿರುತ್ತದೆ.

"ರಕ್ತದ ಕಾಯಿಲೆ ಇದ್ದವನಿಗೆ ಆಪರೇಷನ್ ಆಗದು" ಎಂಬ ಮಾತು ಊರಿನಲ್ಲಿ ಇನ್ನೂ ಕೇಳಿಬರುತ್ತದೆ. ಆದರೆ 2023ರಲ್ಲಿ ಮಾನಂದವಾಡಿಯ ವಯನಾಡು ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿಯೇ ಸಿಕಲ್ ಸೆಲ್ ರೋಗಿಗೆ ಸೊಂಟದ ಕೀಲು ಬದಲಾಯಿಸಿದರು. ಆಗುತ್ತದೆ, ಆದರೆ ಸಿದ್ಧತೆ ಬೇಕು.

ಮೊದಲ ಸಿದ್ಧತೆ, ಕಾಯಿಲೆಯನ್ನು ಮುಚ್ಚಿಡದಿರುವುದು. ಮಗಳ ಮದುವೆ ಮುರಿದೀತೆಂದು ಚೀಟಿಯನ್ನು ಪೆಟ್ಟಿಗೆಯಲ್ಲಿಟ್ಟು ಬರುವವರಿದ್ದಾರೆ. ಮೂಳೆ ವೈದ್ಯರು, ಅರಿವಳಿಕೆ ಕೊಡುವ ವೈದ್ಯರು, ರಕ್ತರೋಗದ ವೈದ್ಯರು ಮೂವರಿಗೂ ವಿಷಯ ಗೊತ್ತಿರಬೇಕು. ಹಿಂದೆ ಎಷ್ಟು ಸಲ ರಕ್ತ ಹಾಕಿಸಿದಿರಿ, ಆಗ ಚಳಿ ಜ್ವರ ಬಂದಿತ್ತೇ ಎಂಬುದನ್ನು ತಪ್ಪದೆ ಹೇಳಿ. ಅನೇಕ ಸಲ ರಕ್ತ ಪಡೆದವರಿಗೆ ಎ, ಬಿ, ಓ ಗುಂಪು ಹೊಂದಿದರೆ ಸಾಲದು, ಇನ್ನೂ ಸೂಕ್ಷ್ಮವಾಗಿ ಹೊಂದಿಸಬೇಕಾಗುತ್ತದೆ. ಅದಕ್ಕೆ ದಿನ ಹಿಡಿಯುತ್ತದೆ. ಸಾಮಾನ್ಯವಾಗಿ ಹಿಮೋಗ್ಲೋಬಿನ್ 10ರ ಆಸುಪಾಸಿಗೆ ಬರುವಷ್ಟು ರಕ್ತ ಕೊಡುತ್ತಾರೆ. "ಇನ್ನೊಂದು ಬಾಟಲಿ ಹಾಕಿ" ಎಂದು ಒತ್ತಾಯಿಸಬೇಡಿ. ಹೆಚ್ಚಾದರೆ ರಕ್ತ ಮಂದವಾಗಿ ನಾಳ ಕಟ್ಟುತ್ತದೆ. ಹೈಡ್ರಾಕ್ಸಿಯೂರಿಯಾ ತೆಗೆದುಕೊಳ್ಳುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಹುಳುಕು ಹಲ್ಲು, ಕಾಲಿನ ಹುಣ್ಣು ಇದ್ದರೆ ಮೊದಲು ವಾಸಿ ಮಾಡಿಸಿ. ಈ ರೋಗಿಗಳ ಗುಲ್ಮ ಕೆಲಸ ಮಾಡದಿರುವುದರಿಂದ ಸೋಂಕು ಬೇಗ ಹತ್ತುತ್ತದೆ, ಹೊಸ ಕೀಲಿಗೂ ಇಳಿಯಬಹುದು.

ಆಪರೇಷನ್ನಿನ ದಿನ ಶತ್ರುಗಳು ಮೂರು: ಬಾಯಾರಿಕೆ, ಚಳಿ, ಆಮ್ಲಜನಕದ ಕೊರತೆ. ಮೂರೂ ಕಣಗಳನ್ನು ಬಾಗಿಸುತ್ತವೆ. ವೈದ್ಯರು ಅನುಮತಿಸಿದ ಹೊತ್ತಿನವರೆಗೆ ನೀರು ಕುಡಿಯಬೇಕು, ಆಮೇಲೆ ಡ್ರಿಪ್ ಬೇಕು. ಜೊತೆಗೆ ಹೋಗುವವರು ಕಂಬಳಿ, ಕಾಲುಚೀಲ ಮರೆಯಬಾರದು. ಮುಗಿದ ಮೇಲೆ ನೋವೆಂದು ಉಸಿರು ಹಿಡಿದು ಮಲಗಬಾರದು. ದೀರ್ಘ ಉಸಿರಾಟದ ಅಭ್ಯಾಸ ಮಾಡಬೇಕು, ಅವರು ಹೇಳಿದ ದಿನವೇ ಎದ್ದು ನಿಲ್ಲಬೇಕು. ಎದೆನೋವು, ಏದುಸಿರು, ಜ್ವರ, ಮೀನಖಂಡದ ಊತ, ಗಾಯದಿಂದ ಕೀವು: ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು.

ಹೊಸ ಕೀಲು ಬಂದರೂ ಹಳೆಯ ರಕ್ತವೇ ಇರುತ್ತದೆ. ಮಾತ್ರೆ, ತಪಾಸಣೆ ಮುಂದುವರಿಯಬೇಕು. ಚಿಕ್ಕ ವಯಸ್ಸಿನಲ್ಲಿ ಹಾಕಿಸಿಕೊಂಡ ಕೀಲು ಹದಿನೈದು, ಇಪ್ಪತ್ತು ವರ್ಷಗಳಲ್ಲಿ ಸವೆದು ಮತ್ತೊಮ್ಮೆ ಬದಲಾಯಿಸಬೇಕಾಗಿ ಬರಬಹುದು. ಆದ್ದರಿಂದ ಅದನ್ನು ಜೋಪಾನ ಮಾಡುವುದು ರೋಗಿಯ ಜೊತೆಗೆ ಕೆಲಸ ಕೊಡುವವರ ಹೊಣೆಯೂ ಹೌದು. ಕುಕ್ಕರಗಾಲಿನಲ್ಲಿ ಶುಂಠಿ ಕಳೆ, ಮಳೆಗಾಲದ ತಣ್ಣೀರಿನಲ್ಲಿ ನಾಟಿ, ಮೆಣಸಿನ ಏಣಿ, ಕಾಫಿ ಮೂಟೆ: ಇವು ಬೇಡ. ವೈದ್ಯರು ಒಪ್ಪಿದ ಮೇಲೆ ಬಿಸಿಲೇರಿದ ಹೊತ್ತಿನಲ್ಲಿ ನಿಂತು ಕಾಫಿ ಕೊಯ್ಯಬಹುದು, ಎತ್ತರದ ಬೆಂಚಿನ ಮೇಲೆ ಕುಳಿತು ಮೆಣಸು ಆರಿಸಬಹುದು, ನರ್ಸರಿ ಚೀಲಕ್ಕೆ ಮಣ್ಣು ತುಂಬಬಹುದು. ಮನೆಯಲ್ಲಿ ನೆಲದ ಕಕ್ಕಸಿನ ಬದಲು ಕುರ್ಚಿಯಂಥ ಪೀಠ ಬೇಕು. ನಡುವೆ ತೂತು ಕೊರೆದ ಗಟ್ಟಿ ಮರದ ಕುರ್ಚಿಯನ್ನು ಊರಿನ ಬಡಗಿಯೇ ಮಾಡಿಕೊಡಬಲ್ಲ. ಆಸ್ಪತ್ರೆಯಿಂದ ಬರುವ ಮೊದಲೇ ಅದು ಮನೆಯಲ್ಲಿರಲಿ.