ದೀಪ ಹಚ್ಚುವ ಹೊತ್ತಿಗೆ ಬಾಗಿಲು ತೆರೆದಿರಲಿ

ದೇವರನ್ನು ನಂಬು ಎಂದು ಎಲ್ಲರೂ ಹೇಳುತ್ತಾರೆ. ಕಷ್ಟದಲ್ಲಿ ಅದನ್ನು ಮಾಡುವುದು ಹೇಗೆಂದು ನನಗೆ ಕಲಿಸಿದವರು ಇಬ್ಬರು, ನನ್ನ ಅವ್ವ ಮತ್ತು ಅತ್ತೆ. ಇಬ್ಬರದೂ ಬರದ ಸೀಮೆ.

ಮಡಕಶಿರಾ ಕಡೆ ನನ್ನ ತವರು, ರಾಯದುರ್ಗ ಕೊಟ್ಟ ಮನೆ. 1953ರಲ್ಲಿ ಬಳ್ಳಾರಿ ಜಿಲ್ಲೆ ಒಡೆದಾಗ ರಾಯದುರ್ಗ ಆಂಧ್ರಕ್ಕೆ ಸೇರಿತು. ಮಡಕಶಿರಾ 2022ರಲ್ಲಿ ಅನಂತಪುರ ಜಿಲ್ಲೆ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಗಡಿ ಎಲ್ಲಿಗೇ ಸರಿಯಲಿ, ನಮ್ಮ ಮನೆಮಾತು ಕನ್ನಡ, ನಮ್ಮ ಬದುಕು ಮಳೆಯ ಕೈಯಲ್ಲಿ. ವರ್ಷಕ್ಕೆ ಸುಮಾರು 550 ಮಿ.ಮೀ. ಮಳೆ ಬೀಳುವ ನೆಲ ಇದು. ಅದೂ ಕಡ್ಲೆಕಾಯಿ ಹೂ ಬಿಟ್ಟು ಕಾಯಿ ಕಟ್ಟುವಾಗ ಕೈಕೊಟ್ಟರೆ ಇಡೀ ವರ್ಷದ ದುಡಿಮೆ ಮಣ್ಣುಪಾಲು.

ನಾನು ಚಿಕ್ಕವಳಿದ್ದಾಗ ಮಳೆ ಹೋದ ವರ್ಷ ಹುಡುಗರು ಮಳೆರಾಯನನ್ನು ತರುತ್ತಿದ್ದರು. ಹಲಗೆಯ ಮೇಲೆ ಮಣ್ಣಿನ ಮೂರ್ತಿ ಕೂರಿಸಿ, ಒಬ್ಬನ ತಲೆಗೆ ಹೊರಿಸಿ, ಹಾಡುತ್ತ ಮನೆಮನೆಗೆ ಬರುತ್ತಿದ್ದರು. ಒಮ್ಮೆ ಅವ್ವ ದೂರದ ಬಾವಿಯಿಂದ ಹೊತ್ತು ತಂದ ಕೊಡದಿಂದಲೇ ಚೊಂಬು ತುಂಬಿ ಮಳೆರಾಯನ ತಲೆಗೆ ಸುರಿದಳು. ಮೂರ್ತಿಯ ಮಣ್ಣು ಕರಗಿ ಹುಡುಗನ ಕಿವಿ, ಕತ್ತಿನ ಮೇಲೆಲ್ಲ ಇಳಿಯಿತು. ಆಮೇಲೆ ಅವನ ಜೋಳಿಗೆಗೆ ಒಂದು ಬೊಗಸೆ ರಾಗಿ ಹಿಟ್ಟು ಹಾಕಿದಳು. “ಕುಡಿಯಕ್ಕೇ ನೀರಿಲ್ವಲ್ಲವ್ವ” ಅಂದೆ. “ಬಾಗ್ಲಿಗೆ ಬಂದ ದೇವರನ್ನ ಒಣತಲೇಲಿ ಕಳ್ಸಕ್ಕಾಗುತ್ತೇನೇ?” ಅಂದಳು. ಅಂದು ಮಳೆ ಬರಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ಬಿತ್ತನೆಗೆ ಕಡ್ಲೆಕಾಯಿ ಸುಲಿಯುತ್ತ ಕೂತಿದ್ದಳು. ದೇವರನ್ನು ಬರಮಾಡಿಕೊಳ್ಳಲು ಅವಳು ಯಾವ ಷರತ್ತೂ ಹಾಕಿರಲಿಲ್ಲ.

ಅದರ ಬೆಲೆ ನನಗೆ ತಿಳಿದದ್ದು ಮದುವೆಯಾಗಿ ವರ್ಷಗಳ ಮೇಲೆ. ಬೋರು ಬತ್ತಿತ್ತು, ಬೆಳೆ ಹೋಗಿತ್ತು. ಅದರ ಬೆನ್ನಿಗೇ ನನ್ನ ಯಜಮಾನರು ಟ್ರ್ಯಾಕ್ಟರಿನಿಂದ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದರು. ಸಾಲ ಕೊಟ್ಟವರಿಗೆ ಮುಖ ತೋರಿಸಲಾರದೆ, “ಬಾಗಿಲು ಹಾಕು” ಎನ್ನುವರು. ಹಗಲೆಲ್ಲ ಹಾಕಿದ ಬಾಗಿಲನ್ನು ಮುಸ್ಸಂಜೆಗೆ ಅತ್ತೆ ತೆರೆಯುವರು. “ದೀಪ ಹಚ್ಚೋ ಹೊತ್ತಿಗೆ ಬಾಗಿಲು ಹಾಕಬಾರದಮ್ಮ. ದೇವರು ಹೆಂಗ ಒಳಗ ಬರಬೇಕು?” ಎನ್ನುವರು. ಹೊಸ್ತಿಲಿಗೆ ನೀರು ಹಾಕಿ, ಅರಿಸಿನ ಕುಂಕುಮ ಇಟ್ಟು, ಒಳಗೆ ದೀಪ ಹಚ್ಚಿ ಸುಮ್ಮನೆ ಕೂರುವರು.

ತೆರೆದ ಬಾಗಿಲಿಂದ ಮೊದಲು ಬಂದದ್ದು ಪಕ್ಕದ ಮನೆಯಾಕೆ. ಬಳ್ಳಾರಿಯ ಹಾಗೆ ರಾಯದುರ್ಗದಲ್ಲೂ ಜೀನ್ಸ್ ಹೊಲಿಯುವ ಕೆಲಸವಿದೆ. ತಾನು ಕೆಲಸ ಮಾಡುವಲ್ಲಿಗೆ ನನ್ನನ್ನೂ ಕರೆದೊಯ್ದಳು. ದಾರ ಕತ್ತರಿಸುವುದರಿಂದ ಶುರುಮಾಡಿ ಮೆಷಿನ್ನಿಗೆ ಕೂತೆ. ಸಾಲದ ವಿಷಯ ತವರಿಗೂ ತಿಳಿಸಿದೆ. ಅಣ್ಣ ಬಂದು ಸಾಲ ಕೊಟ್ಟವರ ಜೊತೆ ಕೂತು ಮಾತಾಡಿ ಗಡುವು ಹಾಕಿಸಿದ.

ಶ್ರಾವಣದ ಶನಿವಾರ ನಮ್ಮ ಕಡೆಯವರು ನೇಮಕಲ್ಲು, ಮುರಡಿ, ಕಸಾಪುರ ಈ ಮೂರೂ ಆಂಜನೇಯರ ದರ್ಶನವನ್ನು ಒಂದೇ ದಿನ ಮಾಡುತ್ತಾರೆ. ಮೂರನ್ನೂ ಪ್ರತಿಷ್ಠಾಪಿಸಿದವರು ವ್ಯಾಸರಾಯರು ಎಂಬ ನಂಬಿಕೆ. ನಾನೂ ಹೋದೆ. ಕನ್ನಡ, ತೆಲುಗು ಎರಡೂ ಕೇಳಿಬರುವ ಆ ಸಾಲಿನಲ್ಲಿ ಒಬ್ಬರಿಗೆ ಮಗನ ಚಿಂತೆ, ಇನ್ನೊಬ್ಬರಿಗೆ ಕೋರ್ಟಿನದು. ಗಂಡ ಎದ್ದು ನಡೆಯುವಂತಾಗಲಿ ಎಂದು ಬಾಯಿಬಿಟ್ಟು ಕೇಳಿಕೊಂಡೆ. ದೇವರಲ್ಲಿ ಕೇಳುವುದು ತಪ್ಪಲ್ಲ. ಕೇಳಿದ್ದು ತಡವಾಯಿತೆಂದು ಅವನಿಗೆ ಬಾಗಿಲು ಹಾಕಬಾರದು ಅಷ್ಟೇ. ನಂಬಿಕೆಯಿದೆಯೆಂದು ಡಾಕ್ಟರ ಔಷಧಿ, ವ್ಯಾಯಾಮ ಯಾವುದನ್ನೂ ನಾವು ಬಿಡಲಿಲ್ಲ. ಈಗ ಅವರು ಕೋಲು ಹಿಡಿದು ಓಡಾಡುತ್ತಾರೆ. ಸಾಲ ಇನ್ನೂ ಸ್ವಲ್ಪ ಉಳಿದಿದೆ.

ಸಾಲಕ್ಕೆ ಅಂಜಿ ಜೀವ ಕಳೆದುಕೊಂಡ ರೈತರ ಮನೆಗಳು ನಮ್ಮ ಸೀಮೆಯಲ್ಲಿ ಬಹಳ ಇವೆ. ಅದಕ್ಕೇ ಕಷ್ಟದಲ್ಲಿರುವವರಿಗೆ ಕೈಮುಗಿದು ಹೇಳುತ್ತೇನೆ: ಒಬ್ಬರೇ ಒಳಗೆ ಕೂರಬೇಡಿ. ದೇವರ ಮುಂದೆ ಅತ್ತು ಹೇಳಿಕೊಂಡದ್ದನ್ನು ಹೆಂಡತಿಗೆ, ಅಣ್ಣನಿಗೆ, ನೆರೆಯವರಿಗೆ ಒಂದು ಮಾತು ಹೇಳಿ. ದೇವರನ್ನು ಬರಮಾಡಿಕೊಂಡ ಮನೆಗೆ ಸಹಾಯಕ್ಕೆ ಬರುವವರೂ ಅದೇ ಬಾಗಿಲಿನಿಂದ ಬರಬೇಕು.